ಸೋತು ಕಲಿಯುವ ಆಟಗಳು



ಆಟವೆಂದರೆ ಗೆಲ್ಲುವುದಕ್ಕಾಗಿ ಎಂಬುದು ಎಲ್ಲರ ತಿಳುವಳಿಕೆ. ಗೆದ್ದವನಿಗೆ ಆಟ ಸಿಹಿ, ಸೋತವನಿಗೆ ಕಹಿ. ಹಾಗಿದ್ದ ಮೇಲೆ, ಮತ್ತೆ ಮತ್ತೆ ಸೋಲಿಸುವ ಆಟವನ್ನೇ ಹುಡುಕಿಕೊಂಡು ಹೋಗಿ ಆಡುವವರು ಇದ್ದಾರಲ್ಲ, ಅದೇಕೆ? ಈ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟವರು ಪಂಡಿತರಲ್ಲ, ಒಬ್ಬ ತಾಯಿ.

ಓಣಂ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಹಂಚಿದ ಮರುದಿನ ಅವರು ಶಾಲೆಗೆ ಬಂದಿದ್ದರು. ಮಗ ಒಂಬತ್ತನೆಯ ತರಗತಿ. ಅಂಕಗಳು ಹೇಳಿಕೊಳ್ಳುವಂತಿರಲಿಲ್ಲ. "ಮಾಷ್ಟ್ರೇ, ಇವ ರಾತ್ರಿ ಹತ್ತು ಗಂಟೆಯಾದರೂ ಮೊಬೈಲು ಬಿಡುವುದಿಲ್ಲ. ಗೆಲ್ಲುವುದಾದರೆ ಆಡಲಿ ಎನ್ನಬಹುದು. ಸೋಲುವುದೇ ಸೋಲುವುದು. ಸೋತು ಮೋರೆ ದಪ್ಪ ಮಾಡಿಕೊಂಡು ಮತ್ತೆ ಅದನ್ನೇ ಆಡುವುದು. ಇದೆಂತ ಮರುಳು?" ಎಂದು ಅವರು ಕೇಳಿದರು.

ಹುಡುಗನನ್ನು ಕರೆದೆವು. ಗದರಿಸಬೇಕೆಂದೇ ಕರೆದದ್ದು. ಆದರೆ ತಾಯಿಯ ಪ್ರಶ್ನೆ ನಮ್ಮ ತಲೆಯಲ್ಲೂ ಹೊಕ್ಕಿತ್ತು. ಆದುದರಿಂದ, "ಸೋಲುವ ಆಟವನ್ನು ಯಾಕೆ ಆಡುತ್ತಿ?" ಎಂದು ಮೊದಲು ಕೇಳಿದೆವು. ಅವನು ಸ್ವಲ್ಪ ಹೊತ್ತು ನೆಲ ನೋಡಿ, "ಸಾರ್, ಅದರಲ್ಲಿ ಎಲ್ಲಿ ತಪ್ಪಿದ್ದು ಅಂತ ಗೊತ್ತಾಗ್ತದೆ" ಎಂದನು. ಅವನು ಇನ್ನೊಂದು ಮಾತನ್ನೂ ಹೇಳಿದನು. ಅದನ್ನು ಕೊನೆಯಲ್ಲಿ ತಿಳಿಸುತ್ತೇವೆ.

ತಾಯಿಯ ಮೊಬೈಲಿನಲ್ಲಿ ಆ ಆಟವನ್ನು ತೋರಿಸಲು ಹೇಳಿದೆವು. ಗುಂಡು, ಗದ್ದಲ, ಓಟ ಇರಬಹುದೆಂದು ನಮ್ಮ ಎಣಿಕೆ. ಕಂಡದ್ದು ಬೇರೆ. ಚೌಕ ಚೌಕವಾಗಿ ಮನೆ ಹಾಕಿದ ಒಂದು ಬಯಲು. ಅದರಲ್ಲಿ ಬಿಲ್ಲುಗಾರ, ಕುದುರೆ ಸವಾರ, ಕತ್ತಿ ಹಿಡಿದವನು, ಗಾಯಕ್ಕೆ ಮದ್ದು ಮಾಡುವವಳು – ಹೀಗೆ ನಾಲ್ವರು. ಎದುರಿಗೆ ಶತ್ರುಗಳು. ನಮ್ಮ ಸರದಿ ಮುಗಿದ ಮೇಲೆ ಅವರ ಸರದಿ. ಯಾರೂ ಅವಸರಪಡಿಸುವುದಿಲ್ಲ. ಹುಡುಗನು ಬೆರಳನ್ನು ಅಲುಗಿಸದೆ ಎರಡು ಮೂರು ನಿಮಿಷ ನೋಡುತ್ತಲೇ ಇದ್ದನು. ಆ ಮೌನ ನಮಗೆ ಪರಿಚಿತವೆನಿಸಿತು. ಬಾಲ್ಯದಲ್ಲಿ, ಆಟಿಯ ಮಳೆಯಲ್ಲಿ, ಜಗಲಿಯಲ್ಲಿ ಚೆನ್ನೆಮಣೆಯ ಮುಂದೆ ಕುಳಿತ ಅಜ್ಜಿಯ ಮುಖದಲ್ಲಿ ಅದೇ ಮೌನವನ್ನು ನಾವು ಕಂಡಿದ್ದೆವು.

ಆದುದರಿಂದ ಈ ಪಾಠವನ್ನು ಅಲ್ಲಿಂದಲೇ ಆರಂಭಿಸೋಣ.

೧. ಚೆನ್ನೆಮಣೆ

ನಿಮ್ಮಲ್ಲಿ ಅನೇಕರ ಮನೆಯ ಅಟ್ಟದಲ್ಲಿ ಚೆನ್ನೆಮಣೆ ಇದ್ದೀತು. ಎರಡು ಸಾಲು, ಸಾಲಿಗೆ ಏಳರಂತೆ ೧೪ ಗುಳಿಗಳು. ಗುಳಿಗೆ ನಾಲ್ಕು ಕಾಯಿಯಂತೆ ಒಟ್ಟು ೫೬ ಕಾಯಿಗಳು. ಮಲೆಯಾಳದಲ್ಲಿ ಮಂಜಾಡಿ ಎನ್ನುವ ಕೆಂಪು ಬೀಜಗಳನ್ನು ಇದಕ್ಕೆ ಬಳಸುವುದುಂಟು. ಘಟ್ಟದ ಮೇಲೆ ಇದನ್ನೇ ಅಳಗುಳಿಮಣೆ ಎನ್ನುತ್ತಾರೆ. ತಮಿಳುನಾಡಿನಲ್ಲಿ ಪಲ್ಲಾಂಗುಳಿ ಎಂಬ ಹೆಸರಿದೆ. ಆಫ್ರಿಕದ ಹಲವು ದೇಶಗಳಲ್ಲಿಯೂ ಇದರ ಬಳಗದ ಆಟಗಳುಂಟು.

ಆಟದಲ್ಲಿ ಹಲವು ಬಗೆಗಳಿವೆ, ಊರಿಂದೂರಿಗೆ ನಿಯಮದಲ್ಲಿ ವ್ಯತ್ಯಾಸವೂ ಇದೆ. ಸಾಮಾನ್ಯವಾದ ಒಂದು ಬಗೆ ಹೀಗೆ: ನಮ್ಮ ಬದಿಯ ಒಂದು ಗುಳಿಯಿಂದ ಎಲ್ಲ ಕಾಯಿಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈಯಲ್ಲಿದ್ದುದು ಮುಗಿದಾಗ ಅದರ ಮುಂದಿನ ಗುಳಿಯ ಕಾಯಿಗಳನ್ನು ಎತ್ತಿ ಮತ್ತೆ ಹಂಚಬೇಕು. ಕೈ ಬರಿದಾದಾಗ ಮುಂದಿನ ಗುಳಿಯೂ ಬರಿದಾಗಿದ್ದರೆ, ಅದರಾಚೆಯ ಗುಳಿಯಲ್ಲಿ ಇರುವುದೆಲ್ಲ ಆಡಿದವರಿಗೆ.

ಕೇಳುವಾಗ ಸುಲಭ. ಆದರೆ ಎತ್ತುವ ಮೊದಲು ಯೋಚಿಸಿ ನೋಡಿ: ಈ ಗುಳಿಯಿಂದ ಹೊರಟರೆ ಎಲ್ಲಿ ಮುಗಿಯುತ್ತದೆ? ಆಚೆಯ ಗುಳಿ ತುಂಬಿರುತ್ತದೋ ಬರಿದೋ? ನಾವು ಹಂಚಿದ ಕಾಯಿಗಳಿಂದ ಎದುರಿನವರಿಗೆ ಲಾಭವಾಗುವುದಿಲ್ಲವಷ್ಟೆ? ಕೂಡಿಸುವುದು, ಕಳೆಯುವುದು, ಮುಂದಾಲೋಚನೆ ಎಲ್ಲವೂ ಅದರಲ್ಲಿದೆ. ಅಕ್ಷರ ಕಲಿಯದ ಅಜ್ಜಿಯಂದಿರು ಮೂರು ಸುತ್ತಿನ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ ಮುಗಿಸುತ್ತಿದ್ದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಚೆನ್ನೆಯಲ್ಲಿ ಮುಚ್ಚುಮರೆ ಇಲ್ಲ. ೫೬ ಕಾಯಿಗಳೂ ಇಬ್ಬರ ಕಣ್ಣೆದುರಿಗೇ ಇವೆ. ದಾಳವಿಲ್ಲ, ಅದೃಷ್ಟವಿಲ್ಲ. ಸೋತರೆ "ಗ್ರಹಚಾರ" ಎನ್ನುವಂತಿಲ್ಲ. ಎಲ್ಲೋ ಒಂದು ಗುಳಿಯನ್ನು ಎತ್ತಬಾರದಿತ್ತು, ಎತ್ತಿದ್ದೇವೆ, ಅಷ್ಟೆ. ಪಗಡೆಯಲ್ಲಿ ಹಾಗಲ್ಲ. ದಾಳ ಬಿದ್ದಂತೆ ಆಟ. ಧರ್ಮರಾಯನು ಶಕುನಿಯ ಎದುರು ಎಷ್ಟು ಬಾರಿ ಸೋತರೂ ಅವನಿಗೆ ಆ ಸೋಲಿನಿಂದ ಆಟ ಬರಲಿಲ್ಲ. ರಾಜ್ಯ ಹೋಯಿತು, ತಮ್ಮಂದಿರು ಹೋದರು, ವಿದ್ಯೆ ಮಾತ್ರ ಸಿಕ್ಕಲಿಲ್ಲ. ಕಾರಣ ಕಾಣದ ಸೋಲು ಪಾಠವಾಗುವುದಿಲ್ಲ.

೨. ಹುಲಿಯೂ ಕುರಿಯೂ ಕುದುರೆಯೂ

ಇನ್ನು ಹುಲಿ-ಕುರಿ ಆಟ. ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದು, ಕಲ್ಲು-ಬೀಜಗಳನ್ನಿಟ್ಟು ಆಡಬಹುದಾದ ಬಡವರ ಚದುರಂಗವಿದು. ಹೆಚ್ಚು ಪ್ರಚಾರದಲ್ಲಿರುವ ಬಗೆಯಲ್ಲಿ ೨೩ ಕೂಡುಗಳು, ೩ ಹುಲಿ, ೧೫ ಕುರಿ. ಹುಲಿಯು ಕುರಿಯನ್ನು ಹಾರಿ ಅದರಾಚೆಯ ಬರಿದಾದ ಕೂಡಿಗೆ ಹೋದರೆ ಕುರಿ ಸತ್ತಂತೆ. ಕುರಿಗಳಿಗೆ ಕೊಲ್ಲುವ ಶಕ್ತಿಯಿಲ್ಲ. ಅವು ಒಂದರ ಬೆನ್ನಿಗೆ ಒಂದು ನಿಂತು, ಹುಲಿಗೆ ಅಲುಗಾಡಲು ಜಾಗವಿಲ್ಲದಂತೆ ಮಾಡಿದರೆ ಗೆಲುವು ಅವುಗಳದು.

ಇಲ್ಲಿ ಇಬ್ಬರ ಬಲವೂ ಸಮಾನವಲ್ಲ, ಇಬ್ಬರ ಕೆಲಸವೂ ಒಂದೇ ಅಲ್ಲ. ಹುಲಿಯಾಗಿ ಆಡಲು ಕಲಿತ ಹುಡುಗನಿಗೆ ಕುರಿಗಳನ್ನು ಕೊಟ್ಟು ನೋಡಿ. ಮೊದಲ ನಾಲ್ಕೈದು ಆಟ ಅವನು ಖಂಡಿತ ಸೋಲುತ್ತಾನೆ. ಬೆನ್ನ ಹಿಂದೆ ಬರಿದಾದ ಕೂಡನ್ನು ಬಿಟ್ಟರೆ ಕುರಿ ಉಳಿಯುವುದಿಲ್ಲವೆಂಬುದು ಹೇಳಿಕೊಟ್ಟರೆ ಬರುವ ವಿದ್ಯೆಯಲ್ಲ, ಕುರಿಗಳನ್ನು ಕಳೆದುಕೊಂಡೇ ಬರಬೇಕು.

ಚದುರಂಗವನ್ನು ನೀವೆಲ್ಲರೂ ಬಲ್ಲಿರಿ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳಿಂದ ಚತುರಂಗವೆಂಬ ಹೆಸರು. ಸುಮಾರು ೧,೫೦೦ ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಹುಟ್ಟಿದ ಈ ಆಟ ಪರ್ಶಿಯಕ್ಕೆ ಹೋಗಿ, ಅರಬರ ಬಾಯಲ್ಲಿ ಶತ್ರಂಜ್ ಆಗಿ, ಯುರೋಪನ್ನು ಸೇರಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (೧೭೯೪–೧೮೬೮) ಇಂಥ ಆಟಗಳಲ್ಲಿ ಬಹಳ ಆಸಕ್ತಿ. ಚದುರಂಗದ ಕುದುರೆಯು ಒಂದು ಮನೆಯನ್ನೂ ಎರಡು ಬಾರಿ ಮೆಟ್ಟದೆ ೬೪ ಮನೆಗಳನ್ನೂ ಸುತ್ತುವ ಕಠಿಣ ಸಮಸ್ಯೆಯನ್ನು ಅವರು ಬಿಡಿಸಿದ್ದರು. ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಭಾಗವಿದೆ. ಅರಸನಿಗೆ ಹೊತ್ತು ಕಳೆಯಲು ಸುಲಭದ ವಿನೋದಗಳಿಗೆ ಕೊರತೆಯಿರಲಿಲ್ಲ. ಆದರೂ ಅವರು ಆರಿಸಿಕೊಂಡದ್ದು ತಲೆ ಕೆಡಿಸುವ ಸಮಸ್ಯೆಯನ್ನು!

೩. ಚದುರಂಗದ ಮೊಮ್ಮಕ್ಕಳು

ನಮ್ಮ ಹುಡುಗನ ಮೊಬೈಲಿನ ಆಟಕ್ಕೂ ಚದುರಂಗಕ್ಕೂ ಏನು ಸಂಬಂಧವೆಂದು ಕೇಳುವಿರಾ? ದೂರದ್ದಾದರೂ ರಕ್ತಸಂಬಂಧವೇ.

೧೭೮೦ರಲ್ಲಿ ಜರ್ಮನಿಯ ಹೆಲ್ವಿಗ್ ಎಂಬವರು ಚದುರಂಗದ ಮಣೆಯನ್ನು ಬಹಳ ದೊಡ್ಡದು ಮಾಡಿ, ಚೌಕಗಳಿಗೆ ಬಣ್ಣ ಕೊಟ್ಟು ಬೆಟ್ಟ, ನೀರು, ಊರುಗಳನ್ನು ಗುರುತಿಸಿ ಯುದ್ಧದಾಟವೊಂದನ್ನು ರಚಿಸಿದರು. ೧೮೨೪ರ ಸುಮಾರಿಗೆ ಪ್ರಷ್ಯದ ಸೈನ್ಯವು ಇಂಥ ಆಟದ ಸುಧಾರಿಸಿದ ರೂಪವನ್ನು ಅಧಿಕಾರಿಗಳ ತರಬೇತಿಗೆ ತೆಗೆದುಕೊಂಡಿತು. ಮುಂದೆ ಇದು ಹವ್ಯಾಸಿಗಳ ಕೈಗೆ ಬಂದಿತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ೧೯೭೪ರಲ್ಲಿ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಅದರಲ್ಲಿ ಆಟಗಾರನು ಇಡೀ ಸೈನ್ಯವನ್ನು ನಡೆಸುವುದಿಲ್ಲ. ಒಬ್ಬನೇ ಒಬ್ಬ ವೀರನ ಪಾತ್ರ ವಹಿಸಿ ಅವನ ಬಾಯಿಂದ ಮಾತಾಡುತ್ತಾನೆ. ಯುದ್ಧತಂತ್ರದ ಜೊತೆಗೆ ಪಾತ್ರವೂ ಸೇರಿದ್ದು ಹೀಗೆ.

ಕಂಪ್ಯೂಟರ್ ಬಂದಾಗ ಎರಡೂ ಅದರೊಳಗೆ ಹೊಕ್ಕವು. ಜಪಾನಿನ 'ಫೈರ್ ಎಂಬ್ಲೆಮ್' ೧೯೯೦ರಲ್ಲಿ ಬಂತು. ಬ್ರಿಟನ್ನಿನಲ್ಲಿ ರಚಿತವಾದ 'ಎಕ್ಸ್‌ಕಾಮ್' ೧೯೯೪ರಲ್ಲಿ. ೨೦೧೮ರ 'ಇಂಟು ದ ಬ್ರೀಚ್' ಎಂಬುದರಲ್ಲಂತೂ ಅಂಗಣ ಎಂಟಕ್ಕೆ ಎಂಟು, ಚದುರಂಗದ ಹಾಗೆಯೇ ೬೪ ಮನೆ. ಶತ್ರುವು ಮುಂದಿನ ಸರದಿಯಲ್ಲಿ ಯಾರನ್ನು ಹೊಡೆಯುವನೆಂಬುದನ್ನೂ ಆ ಆಟ ಮೊದಲೇ ತೋರಿಸಿಬಿಡುತ್ತದೆ. ಎಲ್ಲವನ್ನೂ ತೋರಿಸಿಯೂ ನಮ್ಮನ್ನು ಸೋಲಿಸುತ್ತದೆ. ಚೆನ್ನೆಮಣೆಯ ಗುಣ ಇದೇ ಅಲ್ಲವೇ?

ಕೆಲವು ಆಟಗಳಲ್ಲಿ ಸಂಭವದ ಲೆಕ್ಕವೂ ಉಂಟು. ಬಿಲ್ಲುಗಾರ ಹೊಡೆದರೆ ತಗಲುವ ಸಂಭವ ನೂರಕ್ಕೆ ೮೫ ಎಂದು ಪರದೆಯ ಮೇಲೆ ಬರುತ್ತದೆ. ಹೊಸಬನು ಇದು ತಗಲಿಯೇ ತಗಲುತ್ತದೆ ಎಂದು ನಂಬಿ ಹೊಡೆದು ಕೆಡುತ್ತಾನೆ. ಗಣಿತ ಬಲ್ಲವನು ಹೀಗೆ ಎಣಿಸುತ್ತಾನೆ: ಒಂದು ಬಾಣ ತಗಲುವುದು ನೂರಕ್ಕೆ ೮೫. ಸಾಲಾಗಿ ಎರಡೂ ತಗಲುವುದು ನೂರಕ್ಕೆ ಸುಮಾರು ೭೨. ಮೂರೂ ತಗಲುವುದು ಸುಮಾರು ೬೧. ಹಾಗಾದರೆ ಒಂದು ತಪ್ಪಿದರೂ ನಮ್ಮವನು ಸಾಯದಂತೆ ಅವನನ್ನು ಎಲ್ಲಿ ನಿಲ್ಲಿಸಬೇಕು? ಅದೃಷ್ಟವನ್ನು ನಂಬದೆ, ಅದು ಕೈಕೊಟ್ಟರೂ ಉಳಿಯುವ ದಾರಿಯನ್ನು ಮೊದಲೇ ಮಾಡಿಕೊಳ್ಳುವುದೇ ತಂತ್ರ.

ಫೈರ್ ಎಂಬ್ಲೆಮಿನ ಇನ್ನೊಂದು ನಿಯಮ ಪ್ರಸಿದ್ಧವಾದುದು. ಯುದ್ಧದಲ್ಲಿ ಮಡಿದ ಸಂಗಾತಿ ಮತ್ತೆ ಬರುವುದಿಲ್ಲ. ಅವನಿಗೆ ಹೆಸರುಂಟು, ಮಾತುಂಟು, ಕಥೆಯುಂಟು. ನಮ್ಮ ಒಂದು ದುಡುಕು ನಡೆಯಿಂದ ಅವನು ಹೋದರೆ ಮುಂದಿನ ಕಥೆಯಲ್ಲಿ ಅವನ ಸ್ಥಾನ ಬರಿದು. ೨೦೧೦ರಲ್ಲಿ ಬಂದ ಒಂದು ಆವೃತ್ತಿಯಿಂದ, ಮಡಿದವರು ಮುಂದಿನ ಅಧ್ಯಾಯದಲ್ಲಿ ಮರಳುವ ಸುಲಭದ ದಾರಿಯನ್ನೂ ಸೇರಿಸಿದರು. ಆದರೂ ಹಳೆಯ ಕಷ್ಟದ ದಾರಿಯನ್ನೇ ಹಿಡಿಯುವವರು ಇಂದಿಗೂ ಅನೇಕರಿದ್ದಾರೆ. ಕಾಲಾಳು ಸತ್ತರೆ ಮರದ ತುಂಡೊಂದು ಹೋಯಿತು. ಹೆಸರಿದ್ದವನು ಹೋದರೆ ಮನಸ್ಸಿಗೆ ನಾಟುತ್ತದೆ. ಆದುದರಿಂದಲೇ ಅವರು ಹತ್ತು ಸಲ ಯೋಚಿಸಿ ಒಂದು ನಡೆ ಇಡುತ್ತಾರೆ.

೪. ಪಾತ್ರವೂ ತಂತ್ರವೂ

ಪಾತ್ರ ವಹಿಸಿ, ಎದುರಾಳಿಯ ನಡೆ ನೋಡಿ, ತನ್ನ ನಡೆ ಇಡುವ ಕಲೆ ಪೆರ್ಲದ ಆಸುಪಾಸಿನ ನಮಗೆ ಹೊಸತಲ್ಲ. ತಾಳಮದ್ದಳೆಯನ್ನು ನೆನೆಯಿರಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರೆದುರು ಕುಳಿತು ಮಾತಿನಲ್ಲೇ ಯುದ್ಧ ಹೂಡುತ್ತಾರೆ. ಬಾಯಿಪಾಠ ಮಾಡಿ ಬಂದ ಮಾತು ಅಲ್ಲಿ ಬಹಳ ಹೊತ್ತು ನಡೆಯದು. ಎದುರಿನವನು ಯಾವ ಪ್ರಶ್ನೆ ಎಸೆಯುವನೋ ಯಾರಿಗೆ ಗೊತ್ತು?

ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳಲ್ಲಿ ವಾಲಿಯ ಸಂದರ್ಭವನ್ನೇ ತೆಗೆದುಕೊಳ್ಳೋಣ. ವಾಲಿ ಸಾಯುತ್ತಾನೆಂಬುದು ಅರ್ಥಧಾರಿಗೂ ಗೊತ್ತು, ಕೇಳುವ ಮಗುವಿಗೂ ಗೊತ್ತು. ಸೋಲು ನಿಶ್ಚಿತವಾದ ಪಾತ್ರ. ಆದರೂ ನಮ್ಮ ನೆರೆಯ ಶೇಣಿಯ ಹೆಸರನ್ನು ನಾಡಿನಲ್ಲೆಲ್ಲ ಬೆಳಗಿಸಿದ ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ವಾಲಿಯಾಗಿ ಕುಳಿತರೆ, ಮರೆಯಲ್ಲಿ ನಿಂತು ಬಾಣ ಬಿಟ್ಟುದು ಧರ್ಮವೇ ಎಂದು ರಾಮನಿಗೆ ಹಾಕುವ ಪ್ರಶ್ನೆಗಳನ್ನು ಕೇಳಲು ಜನ ನಿದ್ದೆಗೆಟ್ಟು ಕುಳಿತಿರುತ್ತಿದ್ದರು. ವಾಲಿ ಬದುಕುವನೇ ಎಂದು ಅವರು ಬಂದದ್ದಲ್ಲ. ಹೇಗೆ ಹೋರಾಡುವನು ಎಂದು ನೋಡಲು ಬಂದದ್ದು. ಕಠಿಣವಾದ ಆಟದ ಸೆಳೆತವೂ ಇಂಥದ್ದೇ. ಗೆಲುವಿಗಿಂತ ಹೆಚ್ಚಾಗಿ, ಒಳ್ಳೆಯ ಎದುರಾಳಿಯ ಮುಂದೆ ನಮ್ಮ ಬುದ್ಧಿ ಎಷ್ಟರವರೆಗೆ ನಿಲ್ಲುತ್ತದೆ ಎಂಬ ಕುತೂಹಲ.

೫. ಸೆಳೆತದ ಗುಟ್ಟು

ಇಷ್ಟನ್ನು ಒಟ್ಟುಗೂಡಿಸಿದರೆ ತಾಯಿಯ ಪ್ರಶ್ನೆಗೆ ಉತ್ತರ ಸಿಕ್ಕುತ್ತದೆ. ಕಷ್ಟದ ಆಟವು ಸೆಳೆಯಬೇಕಾದರೆ ಅದರಲ್ಲಿ ಮೂರು ಗುಣಗಳಿರಬೇಕು.

ಒಂದನೆಯದು, ಸೋಲಿನ ಕಾರಣ ಕಣ್ಣಿಗೆ ಕಾಣಬೇಕು. ಎರಡನೆಯದು, ಆ ಕಾರಣ ನಮ್ಮ ಕೈಯಲ್ಲಿದ್ದುದಾಗಿರಬೇಕು. ಮೂರನೆಯದು, ತಿದ್ದಿ ಮತ್ತೊಮ್ಮೆ ಆಡುವ ಅವಕಾಶ ಇರಬೇಕು. ಈ ಮೂರೂ ಇದ್ದರೆ ಸೋತವನು ಎದ್ದು ಹೋಗುವುದಿಲ್ಲ. "ಇನ್ನೊಂದು ಸಲ" ಎನ್ನುತ್ತಾನೆ. ಇವುಗಳಲ್ಲಿ ಒಂದಿಲ್ಲದಿದ್ದರೂ ಕಷ್ಟವು ಬರಿಯ ಕಷ್ಟವಾಗಿಯೇ ಉಳಿಯುತ್ತದೆ.

ಈಗ ಹುಡುಗನು ಹೇಳಿದ ಇನ್ನೊಂದು ಮಾತು. "ಆಟದಲ್ಲಿ ಎಲ್ಲಿ ತಪ್ಪಿದ್ದು ಅಂತ ಗೊತ್ತಾಗ್ತದೆ" ಎಂದ ಮೇಲೆ, ತುಸು ತಡೆದು, "ಪೇಪರಿನಲ್ಲಿ ಗೊತ್ತಾಗುವುದಿಲ್ಲ ಸಾರ್" ಎಂದನು.

ಅವನ ಕನ್ನಡ ಉತ್ತರ ಪತ್ರಿಕೆಯನ್ನು ತರಿಸಿ ನೋಡಿದೆವು. ತಿದ್ದಿದವರು ನಾವೇ. ಸಂಧಿಯ ಪ್ರಶ್ನೆಗೆ ಕೆಂಪು ಗೀಟು. ಪ್ರಬಂಧದ ಕೆಳಗೆ ಹತ್ತಕ್ಕೆ ಮೂರು. ಏಕೆ ಮೂರು ಎಂಬುದಕ್ಕೆ ಒಂದಕ್ಷರವೂ ಇಲ್ಲ. ಹುಡುಗನು ಸೋತಿದ್ದನು, ಆದರೆ ಎಲ್ಲಿ ಸೋತನೆಂದು ನಾವು ತೋರಿಸಿರಲಿಲ್ಲ. ತಿದ್ದಿ ಬರೆಯುವ ಅವಕಾಶವನ್ನೂ ಕೊಟ್ಟಿರಲಿಲ್ಲ. ನೂರಾರು ಪತ್ರಿಕೆ, ಸಮಯವಿಲ್ಲ ಎಂದು ನಮ್ಮಲ್ಲಿ ಸಮಾಧಾನವೇನೋ ಇತ್ತು. ಆದರೂ ಇಪ್ಪತ್ತು ವರ್ಷ ಪಾಠ ಮಾಡಿದ ನಮಗೆ ಆ ಕ್ಷಣ ನಾಚಿಕೆಯಾಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆವು. ಪತ್ರಿಕೆಯಲ್ಲಿ ಪ್ರತಿಯೊಬ್ಬರಿಗೂ ಕೊನೆಯ ಪಕ್ಷ ಒಂದು ತಪ್ಪಿನ ಕಾರಣವನ್ನು ಬರೆಯುತ್ತೇವೆ. ಒಂದು ವಾರದೊಳಗೆ ಅದನ್ನು ತಿದ್ದಿ ತಂದು ತೋರಿಸಬಹುದು. ಆ ಹುಡುಗನು ಸಂಧಿ ವಿಂಗಡಣೆಯನ್ನು ಮೂರು ಬಾರಿ ತಿದ್ದಿ ತಂದನು. ಮೂರನೆಯ ಬಾರಿ ಸರಿಯಾಗಿತ್ತು. ಈಗ ಅವನು ತರಗತಿಗೆ ಮೊದಲಿಗನಾಗಿದ್ದಾನೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಪತ್ರಿಕೆ ಕೊಟ್ಟಾಗ ಅಂಕವನ್ನು ಮಾತ್ರ ನೋಡಿ ಮಡಚಿಡುವ ಅಭ್ಯಾಸ ಅವನಲ್ಲಿ ಈಗ ಇಲ್ಲ.

೬. ಎರಡು ಎಚ್ಚರಿಕೆಯ ಮಾತು

ಇಷ್ಟು ಹೇಳಿದ ಮೇಲೆ ಮೊಬೈಲು ಆಡಲು ಮಾಷ್ಟ್ರೇ ಹೇಳಿದ್ದಾರೆ ಎಂದು ಮನೆಯಲ್ಲಿ ವಾದಿಸಬೇಡಿ.

ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗರೆಂಬ ಅವಳಿ ಅಕ್ಕತಂಗಿಯರ ಕಥೆ ಬರುತ್ತದೆ. ಮಾಚಾರಿನ ಗೋಪಾಲ ನಾಯ್ಕರು ಹೇಳಿದ ಸಿರಿಯ ಕಥೆ ೧೫,೬೮೩ ಸಾಲುಗಳ ಮಹಾಕಾವ್ಯವಾಗಿ ೧೯೯೮ರಲ್ಲಿ ಫಿನ್‌ಲೆಂಡಿನಿಂದ ಪ್ರಕಟವಾಗಿದೆ. ಚೆನ್ನೆಯಾಡುತ್ತ ಕುಳಿತ ಆ ಇಬ್ಬರಲ್ಲಿ ಸೋಲು-ಗೆಲುವಿನ ಜಗಳವೆದ್ದು, ಅಕ್ಕನು ಸಿಟ್ಟಿನ ಭರದಲ್ಲಿ ತಂಗಿಗೆ ಮಣೆಯಿಂದಲೇ ಹೊಡೆದಳು. ತಂಗಿ ಸತ್ತಳು. ಪಶ್ಚಾತ್ತಾಪದಿಂದ ಅಕ್ಕನೂ ಬಾವಿಗೆ ಹಾರಿದಳು. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ನಂಬಿಕೆ ಇದರಿಂದ ಬಂದುದು. ಸೋಲಿನ ಕಾರಣವನ್ನು ಮಣೆಯಲ್ಲಿ ಹುಡುಕದೆ ಎದುರಿನವರ ಮೇಲೆ ಹಾಕಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಅದಲ್ಲದೆ ಚೆನ್ನೆಗೆ ಕಾಲದ ಮಿತಿಯಿತ್ತು. ಆಟಿಯಲ್ಲಿ ಮಳೆ, ಕೆಲಸವಿಲ್ಲ, ಮಣೆ ಕೆಳಗಿಳಿಯುತ್ತದೆ. ಆಟಿ ಕಳೆದರೆ ಮಣೆ ಮತ್ತೆ ಅಟ್ಟಕ್ಕೇರುತ್ತದೆ. ಮೊಬೈಲಿಗೆ ಆಟಿಯೂ ಇಲ್ಲ, ಸೋಣವೂ ಇಲ್ಲ. ಮಿತಿಯನ್ನು ನಾವೇ ಹಾಕಿಕೊಳ್ಳಬೇಕು. ಆಟ ಹಿಡಿತಕ್ಕೆ ಸಿಗದೆ ಹೋಗುವುದು, ಊಟ-ಓದು-ನಿದ್ದೆಗಿಂತ ಆಟವೇ ಮುಖ್ಯವಾಗುವುದು, ಕೆಡುಕಾಗುತ್ತಿದೆಯೆಂದು ತಿಳಿದೂ ಬಿಡಲಾರದಿರುವುದು – ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಮುಂದುವರಿದು ಬದುಕನ್ನೇ ಕೆಡಿಸಿದರೆ, ಅದನ್ನು ಕಾಯಿಲೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ೨೦೨೨ರ ಜನವರಿಯಿಂದ ಜಾರಿಗೆ ಬಂದ ಅದರ ರೋಗಗಳ ಪಟ್ಟಿಯಲ್ಲಿ ಇದು ಸೇರಿದೆ. ಪೋಷಕರು ಗಮನಿಸಬೇಕಾದುದು ಮಗು ಆಡುತ್ತದೆ ಎಂಬುದನ್ನಲ್ಲ, ನಿಲ್ಲಿಸು ಎಂದಾಗ ನಿಲ್ಲಿಸಬಲ್ಲುದೇ ಎಂಬುದನ್ನು.

ಹಣ ಕೊಟ್ಟು ಬಲ ಕೊಳ್ಳುವ ಆಟ, ಹಣ ಕಟ್ಟಿ ಆಡುವ ಆಟ – ಇವೆರಡೂ ನಾವು ಹೇಳಿದ ಜಾತಿಗೆ ಸೇರಿದವಲ್ಲ. ಅಲ್ಲಿ ಸೋಲಿಗೆ ಕಾರಣ ನಮ್ಮ ನಡೆಯಲ್ಲ, ನಮ್ಮ ಕಿಸೆ. ಅವು ಶಕುನಿಯ ದಾಳಗಳು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿದೆ.

ಆ ತಾಯಿಗೆ ನಾವು ಹೇಳಿದ್ದು ಇಷ್ಟೆ: "ಅಮ್ಮ, ರಾತ್ರಿ ಎಂಟರ ಮೇಲೆ ಬೇಡವೆಂದು ನೀವು ಹೇಳಿ. ಆದರೆ ಒಂದು ದಿನ ಪಕ್ಕದಲ್ಲಿ ಕುಳಿತು, ಎಲ್ಲಿ ಸೋತೆ ಎಂದು ಅವನನ್ನು ಕೇಳಿ." ಅವರು ನಕ್ಕು, "ನನಗೆ ಅದೆಲ್ಲ ಎಲ್ಲಿ ಅರ್ಥವಾಗ್ತದೆ? ಚೆನ್ನೆ ಆದರೆ ಕೇಳಬಹುದು" ಎಂದರು. "ಹಾಗಾದರೆ ಚೆನ್ನೆಯನ್ನೇ ಕೆಳಗಿಳಿಸಿ" ಎಂದೆವು. ಮುಂದಿನ ವಾರ ಹುಡುಗನನ್ನು ಕೇಳಿದಾಗ ಅವನು ತಲೆ ತಗ್ಗಿಸಿ, "ನಾಲ್ಕು ಆಟದಲ್ಲೂ ಅಮ್ಮನೇ ಗೆದ್ದದ್ದು ಸಾರ್. ಅವರು ಮೊದಲೇ ಎಣಿಸಿಡ್ತಾರೆ" ಎಂದನು. ಎಲ್ಲಿ ತಪ್ಪಿದ್ದೆಂದು ಅವನಿಗೆ ಆಗಲೇ ಗೊತ್ತಾಗಿತ್ತು.

ಅಭ್ಯಾಸ

೧. ಚೆನ್ನೆಮಣೆಯ ನಾಲ್ಕನೆಯ ಗುಳಿಯಿಂದ ಮೊದಲ ನಡೆ ಆರಂಭಿಸಿದರೆ ಕೊನೆಯ ಕಾಯಿ ಎಲ್ಲಿ ಬೀಳುತ್ತದೆ? ಮಣೆ ಮುಟ್ಟದೆ, ಮನಸ್ಸಿನಲ್ಲೇ ಎಣಿಸಿ, ಅನಂತರ ಆಡಿ ನೋಡಿ.

೨. ಒಂದು ಬಾಣ ತಗಲುವ ಸಂಭವ ನೂರಕ್ಕೆ ೯೦. ಮೂರು ಬಾಣಗಳೂ ತಗಲುವ ಸಂಭವವೆಷ್ಟು?

೩. ಮನೆಯ ಹಿರಿಯರಿಂದ ಅವರ ಬಾಲ್ಯದ ಒಂದು ಆಟದ ನಿಯಮಗಳನ್ನು ಕೇಳಿ ಬರೆದು ತನ್ನಿ.

೪. ನಿಮ್ಮ ಕಳೆದ ಪರೀಕ್ಷೆಯ ಒಂದು ತಪ್ಪು ಉತ್ತರವನ್ನು ಆರಿಸಿಕೊಂಡು, ಎಲ್ಲಿ ತಪ್ಪಿತೆಂದು ನಿಮ್ಮದೇ ಮಾತಿನಲ್ಲಿ ಐದು ವಾಕ್ಯ ಬರೆಯಿರಿ. ಕಾರಣ ಕಾಣದಿದ್ದರೆ ನಮ್ಮಲ್ಲಿಗೆ ಬನ್ನಿ, ಒಟ್ಟಿಗೆ ಹುಡುಕೋಣ.